ನಯಾಗರ ಅನ್ನಬೇಡಿ, ಗೋಕಾಕ ಅನ್ನಿ

ಹೋದ ತಿಂಗಳು ಗೆಳೆಯನೊಬ್ಬ ವಾಟ್ಸ್ಯಾಪಿನಲ್ಲಿ ಒಂದು ವಿಡಿಯೊ ಕಳಿಸಿದ. ಸ್ಪೇನ್ ದೇಶದ ಟೊಲೆಡೊ ಎಂಬ ಊರಿನ ಹಳೆ ಪೇಟೆಯಲ್ಲಿ ಯಾರೋ ಕ್ಯಾಮೆರಾ ಹಿಡಿದು ಒಂದೂವರೆ ತಾಸು ಸುಮ್ಮನೆ ನಡೆಯುತ್ತಾನೆ. ಮಾತಿಲ್ಲ, ಹಾಡಿಲ್ಲ, ಕಲ್ಲುಹಾಸಿನ ಮೇಲೆ ಬೂಟಿನ ಸಪ್ಪಳ ಮಾತ್ರ. ಕೆಳಗೆ ತಾಹೊ ನದಿ ಊರನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ‘ಊರಂದ್ರ ಹಿಂಗಿರಬೇಕು. ನಮ್ಮ ಗೋಕಾಕದಾಗ ನೋಡಾಕ ಏನೈತಿ? ಒಂದ್ ಫಾಲ್ಸು, ಒಂದ್ ಕರದಂಟು’ ಎಂದು ಅದರ ಕೆಳಗೆ ಬರೆದಿದ್ದ.

ವಿಡಿಯೊ ಪೂರ್ತಿ ನೋಡಿದೆ. ಸುಳ್ಳು ಹೇಳಲಾರೆ, ಊರು ಚಂದವಿದೆ. ಆದರೆ ಟೊಲೆಡೊಗೆ ಹೋದವರು ಅಲ್ಲಿಂದ ಕಟ್ಟಿಸಿಕೊಂಡು ಬರುವುದು ಏನನ್ನು? ಬಾದಾಮಿ, ಸಕ್ಕರೆ ಅರೆದು ಮಾಡಿದ ಮಾರ್ಜಿಪಾನ್ ಎಂಬ ಸಿಹಿಯನ್ನು; ಉಕ್ಕಿನ ಮೇಲೆ ಬಂಗಾರದ ಎಳೆ ಕೂರಿಸಿದ ಕುಸುರಿ ಸಾಮಾನನ್ನು. ಗೋಕಾಕಕ್ಕೆ ಬಂದವರು ಒಯ್ಯುವುದು ಏನನ್ನು? ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ, ಒಣಹಣ್ಣು ಹಾಕಿ ಮಾಡಿದ ಕರದಂಟನ್ನು. ಜೀನಗಾರರು ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣುಗಳನ್ನು. ನದಿ ದಂಡೆಯ ಹಳೆ ಊರು, ಒಂದು ಸಿಹಿ, ಒಂದು ಕೈಕಸುಬು. ಅಲ್ಲಿ ಇವೆಲ್ಲ ಸೇರಿ ಪರಂಪರೆ. ಇಲ್ಲಿ ‘ಏನೈತಿ?’

ಹಾಗಂತ ಗೋಕಾಕವನ್ನು ‘ಕರ್ನಾಟಕದ ಟೊಲೆಡೊ’ ಎಂದು ಕರೆಯಲು ನಾನು ಹೊರಟಿಲ್ಲ. ಆ ರೋಗ ನಮಗೆ ಆಗಲೇ ಹತ್ತಿದೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಕುದುರೆಲಾಳದ ಆಕಾರದ ಬಂಡೆಯ ಮೇಲಿಂದ ಬೀಳುತ್ತಾಳೆ. ಅದಕ್ಕೆ ನಾವು ಕೊಟ್ಟ ಬಿರುದು ‘ಕರ್ನಾಟಕದ ನಯಾಗರ’. ಎರಡೂ ದಂಡೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಆ ಗುಡಿ ಕಟ್ಟಿದವರು ನಯಾಗರದ ಹೆಸರು ಕೇಳಿದ್ದರೇ? ಎರವಲು ಹೆಸರು ಇಟ್ಟ ಕೂಡಲೇ ಮೂಲಕ್ಕಿಂತ ಸಣ್ಣದು ಎಂದು ನಾವೇ ಒಪ್ಪಿಕೊಂಡಂತೆ. ಹೆಸರಿನ ವಿಷಯದಲ್ಲಿ ಈ ಊರಿನ ದೈವವೇ ಹಾಗಿದೆಯೇನೊ. ಬೆಂಗಳೂರಿನಲ್ಲಿ ‘ಗೋಕಾಕ’ ಎಂದರೆ ಎಲ್ಲರಿಗೂ ಭಾಷಾ ಚಳವಳಿ ನೆನಪಾಗುತ್ತದೆ. ಆ ಹೆಸರು ಬಂದದ್ದು ವಿ.ಕೃ. ಗೋಕಾಕರ ಸಮಿತಿಯಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ.

ನನ್ನ ಜಗಳ ಇರುವುದು ‘ಸ್ಪಾಟ್’ ಎಂಬ ಶಬ್ದದ ಜೊತೆ. ಮಳೆಗಾಲದ ಭಾನುವಾರ ಕಾರುಗಳು ಸಾಲುಗಟ್ಟಿ ಫಾಲ್ಸಿಗೆ ಬರುತ್ತವೆ. ತೂಗುಸೇತುವೆಯ ಮುಂದೆ ಫೋಟೊ, ಸುಟ್ಟ ಗೋವಿನಜೋಳ, ಅರ್ಧ ಕಿಲೊ ಕರದಂಟು, ಗಾಡಿ ವಾಪಸ್. ಆ ಸೇತುವೆ ಗಿರಣಿಯ ಜೊತೆ ಹುಟ್ಟಿದ್ದು ಎಂದು ಯಾರೂ ಹೇಳುವುದಿಲ್ಲ. ಜಲಪಾತದ ನೀರಿನ ಬಲವನ್ನೇ ನೆಚ್ಚಿಕೊಂಡು 1885ರಲ್ಲಿ ಇಲ್ಲಿ ಹತ್ತಿಗಿರಣಿ ಶುರುವಾಯಿತು. 1887ರಷ್ಟು ಹಿಂದೆಯೇ ಇಲ್ಲಿ ನೀರಿನಿಂದ ವಿದ್ಯುತ್ ತೆಗೆದರು ಎಂಬುದು ಊರವರ ಹೆಮ್ಮೆ. ನಮ್ಮ ಪಠ್ಯಪುಸ್ತಕಕ್ಕೆ ಮಾತ್ರ 1902ರ ಶಿವನಸಮುದ್ರ ಸಾಕು.

ಫಾಲ್ಸಿನಿಂದ ಊರು ಕೆಲವೇ ಕಿಲೊಮೀಟರ್. ಅಲ್ಲಿಗೆ ಬಂದು ನಡೆದು ನೋಡಿ. ಕುಂಬಾರ ಗಲ್ಲಿ, ಉಪ್ಪಾರ ಓಣಿ, ಭೋಜಗಾರ ಗಲ್ಲಿ, ದನದ ಪೇಟೆ. ಹೆಸರುಗಳೇ ಊರಿನ ಕಸುಬಿನ ಪಟ್ಟಿ: ಮಡಕೆ ಮಾಡಿದವರು ಯಾರು, ದನ ಕಟ್ಟುತ್ತಿದ್ದುದು ಎಲ್ಲಿ ಎಂಬುದೆಲ್ಲ ಅದರಲ್ಲೇ ಇದೆ. ಜೊತೆಗೆ ಜಾತಿಯ ಪಟ್ಟಿಯೂ ಹೌದು. ಯಾರ ಓಣಿ ಹೊಳೆಗೆ ಹತ್ತಿರ, ಯಾರದು ಎತ್ತರದಲ್ಲಿ ಎಂದು ನೋಡುತ್ತ ಹೋದರೆ ಊರು ಕಟ್ಟಿದವರ ಲೆಕ್ಕಾಚಾರ ಕಾಣುತ್ತದೆ. ಈ ಓಣಿಗಳ ಹೆಸರನ್ನು ನಾಡು ಕೇಳಿದ್ದು 2019ರ ಆಗಸ್ಟಿನಲ್ಲಿ, ಅದೂ ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿದ್ದವು. ಲೋಳಸೂರ ಸೇತುವೆ ಮುಳುಗಿತ್ತು. ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗಳು ನೀರು ಇಳಿದ ಮೇಲೆ ಕುಸಿದವು. ಈಗ ಅಲ್ಲಲ್ಲಿ ಹೊಸ ಸಿಮೆಂಟಿನ ಮನೆಗಳು ಎದ್ದಿವೆ. ಮನೆ ಬಿದ್ದವನ ಮುಂದೆ ನಿಂತು ‘ನಿಮ್ಮ ತೊಲೆ-ಕಂಬದ ಪಡಸಾಲೆ ಎಷ್ಟು ಚಂದಿತ್ತು’ ಎಂದು ಪರಂಪರೆಯ ಪಾಠ ಹೇಳುವ ದಾರ್ಷ್ಟ್ಯ ನನಗಿಲ್ಲ. ಆದರೆ ಆ ಓಣಿಯ ಬಾಯಿಗೆ ಅದರ ಹೆಸರು, ಆ ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಒಂದು ಗೆರೆ, ಇಷ್ಟು ಬರೆಸಲು ಎಷ್ಟು ಡಬ್ಬಿ ಬಣ್ಣ ಬೇಕು?

ಮೂಡಲಗಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿವಬೋಧರಂಗ ಮಠದ ಸುತ್ತ ಬೆಳೆದ ಊರು. ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು. ತಾಲ್ಲೂಕಾದ ಊರಿಗೆ ಮೊದಲು ಬೇಕೆನಿಸುವುದು ಹೊಸ ಕಚೇರಿ, ಅಗಲ ರಸ್ತೆ. ಬೇಡ ಎನ್ನಲು ನಾನ್ಯಾರು? ಅಗಲ ಮಾಡುವಾಗ ಹಳೆ ಕಟ್ಟೆಗಳು ಮೊದಲು ಹೋಗುತ್ತವೆ, ಕಟ್ಟೆ ಹೋದ ಊರಿನಲ್ಲಿ ಮುದುಕರು ಕೂರಲು ಜಾಗ ಉಳಿಯುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ನನಗೇ ನಾಚಿಕೆಯಾದದ್ದು ಹುಕ್ಕೇರಿಯಲ್ಲಿ. ಆದಿಲಶಾಹಿ ಕಾಲದ ಗುಮ್ಮಟಗಳು ಅಲ್ಲಿವೆ. ದೂರದಿಂದ ನೀರನ್ನು ನೆಲದೊಳಗಿನ ಕಾಲುವೆಯಲ್ಲಿ ತಂದು ಊರಿಗೆ ಹಂಚುತ್ತಿದ್ದ ಕಾರಂಜಿಯ ವ್ಯವಸ್ಥೆಯೂ ಆ ಕಾಲದ್ದೇ. ಬೆಳಗಾವಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಗುಮ್ಮಟಗಳನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಟೊಲೆಡೊದ ವಿಡಿಯೊ ನೋಡಿದ ವಾರದೊಳಗೆ ಅಲ್ಲಿನ ಯೆಹೂದಿ ಪ್ರಾರ್ಥನಾಮಂದಿರವೊಂದು ಆಮೇಲೆ ಚರ್ಚ್ ಆಗಿ ಸಾಂತಾ ಮರಿಯಾ ಲಾ ಬ್ಲಾಂಕಾ ಎಂಬ ಹೆಸರು ಪಡೆದದ್ದು ನನಗೆ ಬಾಯಿಪಾಠವಾಗಿತ್ತು. ಹುಕ್ಕೇರಿಯ ಗುಮ್ಮಟದಡಿ ಮಲಗಿದವರು ಯಾರೆಂದು ಜೊತೆಗಿದ್ದ ಹುಡುಗ ಕೇಳಿದಾಗ ‘ಯಾರೋ ನವಾಬರು’ ಎಂದುಬಿಟ್ಟೆ. ಮೂರು ಧರ್ಮದವರು ಕೂಡಿ ಬಾಳಿದ ಊರೆಂದು ಟೊಲೆಡೊವನ್ನು ಹೊಗಳುವ ನಮ್ಮ ಓದುಗ ಮಿತ್ರರು ಸ್ವಲ್ಪ ಈ ಕಡೆಗೂ ಕಣ್ಣು ಹಾಯಿಸಲಿ. ಕೊಣ್ಣೂರಿನಲ್ಲಿ ಜೈನ ಬಸದಿ, ಶಾಸನ. ಹುಕ್ಕೇರಿಯಲ್ಲಿ ಗುಮ್ಮಟ, ಮಠ. ಒಂದು ದಿನದ ಹಾದಿ.

ಅದೇ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಅಣೆಕಟ್ಟಿದೆ. 51 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರಿನಡಿ ಹುನ್ನೂರಿನ ವಿಠ್ಠಲನ ಗುಡಿ ನಿಂತಿದೆ. ವರ್ಷದ ಬಹುಪಾಲು ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ತೀರ ಕೆಳಗಿಳಿದರೆ ಮೇಲೇಳುತ್ತದೆ. ಆಗ ಜನ ಕೆಸರು ತುಳಿದು ದರ್ಶನಕ್ಕೆ ಹೋಗುತ್ತಾರೆ. ಬರ ಬಂದಾಗ ಮಾತ್ರ ಕಾಲಿಡಬಹುದಾದ ಹಳೆ ಊರು ಜಗತ್ತಿನಲ್ಲಿ ಎಷ್ಟಿವೆಯೋ ತಿಳಿಯದು. ಅಲ್ಲಿಯೂ ಈಗ ಡ್ರೋನ್ ಹಾರಿಸುವವರು ಬಂದಿದ್ದಾರೆ. ಅವರಿಗದು ಹೊಸ ‘ಸ್ಪಾಟ್’. ಮುಳುಗಿದ ಊರಿನವರು ಈಗ ಎಲ್ಲಿದ್ದಾರೆ ಎಂದು ಡ್ರೋನ್ ಕೇಳುವುದಿಲ್ಲ.

‘ಹಂಗಾರ ಪ್ರವಾಸಿಗರು ಬರಲಿ ಅಂತೀಯೊ, ಬ್ಯಾಡ ಅಂತೀಯೊ?’ ಎಂದು ಗೆಳೆಯ ಫೋನಿನಲ್ಲಿ ರೇಗಿದ. ನ್ಯಾಯವಾದ ಪ್ರಶ್ನೆ. 2024ರಲ್ಲಿ ಬಾರ್ಸಿಲೋನಾದ ಜನ ನೀರಿನ ಪಿಸ್ತೂಲು ಹಿಡಿದು ಪ್ರವಾಸಿಗರ ಮೇಲೆ ನೀರು ಹಾರಿಸಿದರು. ಅವರ ಮನೆ ಬಾಡಿಗೆ ಅವರಿಗೇ ಕೈಗೆಟುಕದಂತಾಗಿತ್ತು. ಓಣಿಯವರನ್ನು ಹೊರಹಾಕಿ ಓಣಿಯನ್ನು ತೋರಿಸುವ ಪ್ರವಾಸೋದ್ಯಮ ನನಗೆ ಬೇಡ. ನನಗೆ ಬೇಕಾದ್ದು ಅದಕ್ಕಿಂತ ಅಗ್ಗದ್ದು, ಆದರೆ ಕಷ್ಟದ್ದು: ಇಲ್ಲಿಯ ಶಾಲೆ-ಕಾಲೇಜಿನ ಹುಡುಗರು ತಮ್ಮೂರಿನಲ್ಲಿ ಒಂದು ದಿನ ನಡೆಯಬೇಕು. ಪ್ರವಾಸವೆಂದರೆ ಬಸ್ಸು ಹತ್ತಿ ಮೈಸೂರಿಗೆ ಹೋಗುವುದು ಎಂದೇ ಮೇಷ್ಟ್ರುಗಳೂ ನಂಬಿದ್ದಾರೆ. ಆನಂದಕಂದರ ಬೆಟಗೇರಿ, ಕಟ್ಟೀಮನಿಯವರ ಮಲಾಮರಡಿ ಎರಡೂ ಗೋಕಾಕದ ಮಗ್ಗುಲಲ್ಲೇ ಇವೆ. ಅವರ ಪದ್ಯ, ಕಾದಂಬರಿಗಳ ಮೇಲೆ ಪರೀಕ್ಷೆ ಬರೆದ ಎಷ್ಟು ಜನ ಆ ಊರಿನ ಮಣ್ಣು ತುಳಿದಿದ್ದಾರೆ?

ಗೆಳೆಯನ ಜೊತೆ ಜಗಳವಾಡಿದ ಮರುದಿನ ಗೊಂಬೆ ಮಾಡುವವರ ಮನೆಗೆ ಹೋದೆ. ಪಡಸಾಲೆಯಲ್ಲಿ ಬಾಳೆಹಣ್ಣು, ಮಾವಿನಹಣ್ಣು, ಸೀತಾಫಲ ಸಾಲಾಗಿ ಒಣಗುತ್ತಿದ್ದವು. ಒಂದು ಹಳದಿ ಮಾವಿನಹಣ್ಣಿನ ತೊಟ್ಟಿನ ಹತ್ತಿರ ಇನ್ನೂ ಹಸಿ ಇರುವ ಕೆಂಪು ಬಣ್ಣವನ್ನು ಅಜ್ಜ ಬೆರಳಿನಿಂದ ಮೆಲ್ಲಗೆ ತೀಡುತ್ತಿದ್ದರು. ಚನ್ನಪಟ್ಟಣದ ಗೊಂಬೆಗಿರುವ ಹೆಸರು ಇವಕ್ಕಿಲ್ಲ. ಮಕ್ಕಳು ಈ ಕೆಲಸಕ್ಕೆ ಬರುತ್ತಾರೇನು ಎಂದು ಕೇಳಿದೆ. ‘ಬರಬೇಕಂದ್ರ ಹೊಟ್ಟಿ ತುಂಬಬೇಕಲ್ರೀ’ ಎಂದರು. ಐದು ಹಣ್ಣು ಆರಿಸಿಕೊಂಡೆ. ಅವರು ಹೇಳಿದಷ್ಟು ದುಡ್ಡು ಕೊಟ್ಟೆ. ಎಣಿಸಿ ನೋಡಿ, ಮುಖ ಎತ್ತಿ, ‘ಯಾಕ್ರೀ, ಕಡಿಮಿ ಮಾಡ್ರಿ ಅನ್ನಂಗಿಲ್ಲೇನ್?’ ಎಂದರು.