ಕನ್ನಂಬಾಡಿ ಕಟ್ಟೆಯ ಮಟ್ಟ ಗೊತ್ತು, ಸರ್ವರ್ ಲೆಕ್ಕ ಯಾಕೆ ಗೊತ್ತಿಲ್ಲ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯಾವ ರೈತರನ್ನಾದರೂ ಕೇಳಿ, ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಅಂತ ಹೇಳುತ್ತಾರೆ. ಗರಿಷ್ಠ 124.80 ಅಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ದಿನವೂ ಅಳೆಯುತ್ತಾರೆ, ದಿನವೂ ಪ್ರಕಟಿಸುತ್ತಾರೆ. ಅದಕ್ಕೇ ನಾವು ಜಗಳ ಮಾಡಬಹುದು: ನೀರಿತ್ತಲ್ಲ, ನಾಲೆಗೆ ಯಾಕೆ ಬಿಡಲಿಲ್ಲ?

ಅದೇ ರೈತ ಒಂದು ದಿನದ ಕೆಲಸ ಬಿಟ್ಟು ಪಹಣಿಗೋ ಇ.ಸಿ.ಗೋ ಕಚೇರಿಗೆ ಹೋದರೆ ಎಷ್ಟೋ ಸಲ ಸಿಗುವುದು ಎರಡೇ ಪದ: ‘ಸರ್ವರ್ ಡೌನ್’. ಎಷ್ಟು ಹೊತ್ತಿನಿಂದ? ಈ ತಿಂಗಳು ಎಷ್ಟನೇ ಸಲ? ಕಿಟಕಿಯಲ್ಲಿ ಕೂತವರಿಗೂ ಗೊತ್ತಿಲ್ಲ. ಲೆಕ್ಕವೇ ಇಲ್ಲದ ಮೇಲೆ ಜಗಳ ಮಾಡುವುದು ಹೇಗೆ?

ಇದು ಗೊತ್ತಾಗದ ವಿಷಯವೇನಲ್ಲ. ಸರ್ವರ್ ಬಾಗಿಲಲ್ಲಿ ಮಿಡಲ್‌ವೇರ್ ಅನ್ನುವ ಸಣ್ಣ ತಂತ್ರಾಂಶ ಕೂರಿಸಬಹುದು. ಡೇರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವವರ ಹಾಗೆ, ಅದು ಬಂದ ಪ್ರತಿ ಕೋರಿಕೆಗೂ ಒಂದು ಸಾಲು ಬರೆಯುತ್ತದೆ: ಎಷ್ಟು ಗಂಟೆಗೆ ಬಂತು, ಏನು ಕೇಳಿತು, ಉತ್ತರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು, ಏನಾಯಿತು. 200 ಅಂದರೆ ಕೆಲಸ ಆಯಿತು. 503 ಅಂದರೆ ಸೇವೆ ಸದ್ಯಕ್ಕಿಲ್ಲ. ಇದೇ ಲಾಗ್. 503 ಹೆಚ್ಚಾದ ಕೂಡಲೇ ಎಂಜಿನಿಯರ್ ಫೋನಿಗೆ ಎಚ್ಚರಿಕೆ ಹೋಗುವಂತೆ ಮಾಡಿದರೆ ಅದು ನಿಗಾ. ಸರ್ವರೇ ಪೂರ್ತಿ ನಿಂತರೆ ಬರೆಯುವವನೂ ನಿಂತ ಹಾಗೆ. ಅದಕ್ಕೆ ಹೊರಗಿನಿಂದ ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ ನೋಡುವ ಇನ್ನೊಂದು ಯಂತ್ರ ಬೇಕು.

ಇದಕ್ಕೆಲ್ಲ ದುಡ್ಡೆಲ್ಲಿ ಅನ್ನಬೇಡಿ. ಲಾಗ್ ಇಡಲೇಬೇಕೆಂಬ ನಿಯಮ ಈಗಾಗಲೇ ಇದೆ. ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ 180 ದಿನದ ಲಾಗ್ ಉಳಿಸಿಕೊಳ್ಳಬೇಕು. 2025ರ ಆರಂಭದಲ್ಲಿ ಕಾವೇರಿ 2.0 ಕೈಕೊಟ್ಟು ರಾಜ್ಯದಲ್ಲಿ ಆಸ್ತಿ ನೋಂದಣಿ ತತ್ತರಿಸಿದಾಗ, ಇದು ಡಿಡಿಒಎಸ್ ದಾಳಿ ಎಂದು ಸರ್ಕಾರ ಹೇಳಿತು. ಅಂದರೆ ಬೇಕಂತಲೇ ಸುಳ್ಳು ಕೋರಿಕೆಗಳ ಪ್ರವಾಹ ಹರಿಸಿ ಸರ್ವರ್ ಮುಳುಗಿಸುವುದು. ಲಾಗ್ ನೋಡದೆ ಈ ಮಾತು ಹೇಳಲಾಗದು. ತಮಗೆ ಬೇಕಾದಾಗ ತೆರೆಯುವ ಪುಸ್ತಕ ಜನರಿಗೆ ಮಾತ್ರ ಮುಚ್ಚಿರಬೇಕೆ?

ಮುಚ್ಚಿಟ್ಟರೆ ಯಾರಿಗೆ ಲಾಭ ನೋಡಿ. 2011ರ ಸಕಾಲ ಕಾಯ್ದೆಯಂತೆ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಆದರೆ ಗಡಿಯಾರ ಓಡುವುದು ಅರ್ಜಿಗೆ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಡೌನ್ ಆದರೆ ಅರ್ಜಿಯೇ ಇಲ್ಲ, ಅರ್ಜಿ ಇಲ್ಲದಿದ್ದರೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದಿದ್ದರೆ ವಿಳಂಬವೂ ಇಲ್ಲ. ನೀವು ಮೂರು ದಿನ ಅಲೆದರೂ ಕಡತದಲ್ಲಿ ಎಲ್ಲವೂ ಸಕಾಲಕ್ಕೇ ಆಗಿರುತ್ತದೆ!

ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ‘ಭೂಮಿ’ ರಾಜ್ಯದ ತಾಲ್ಲೂಕುಗಳಿಗೆ ಬಂತು. ಪಹಣಿ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಯಾರು ತಿದ್ದಿದರು ಅನ್ನುವುದು ದಾಖಲಾಗಬೇಕು ಎಂಬುದು ಅದರ ದೊಡ್ಡ ಹೆಜ್ಜೆ. ಗುಮಾಸ್ತನ ಕೈಗೆ ಲೆಕ್ಕ ಇಟ್ಟವರು ಯಂತ್ರದ ನಿದ್ದೆಗೂ ಲೆಕ್ಕ ಕೊಡಲಿ.

ಲಾಗ್ ಬಹಿರಂಗ ಮಾಡಿದರೆ ಜನರ ಮಾಹಿತಿ ಸೋರುತ್ತದೆ ಅನ್ನುವವರಿದ್ದಾರೆ. ಆಧಾರ್ ಸಂಖ್ಯೆ, ಒಟಿಪಿಗಳನ್ನು ಲಾಗ್‌ನಲ್ಲಿ ಬರೆಯಲೇಬಾರದು. ನಾವು ಯಾರ ಹೆಸರನ್ನೂ ಕೇಳುತ್ತಿಲ್ಲ. ಎಷ್ಟು ಗಂಟೆಗೆ ನಿಂತಿತು, ಎಷ್ಟು ಗಂಟೆಗೆ ಎದ್ದಿತು, ಎಷ್ಟು ಕೋರಿಕೆ ಬಿದ್ದುಹೋದವು, ಇಷ್ಟೇ ಸಾಕು.

ಬೇಡಿಕೆ ಎರಡು. ಪ್ರತಿ ಸೇವೆಯ ಈ ಲೆಕ್ಕ ದಿನವೂ ಫೋನಿನಲ್ಲಿ ಕಾಣಬೇಕು. ಸರ್ವರ್ ಡೌನ್ ಎಂದು ವಾಪಸ್ ಕಳಿಸಿದವರಿಗೆ ದಿನಾಂಕ, ಸಮಯ ಬರೆದ ಚೀಟಿ ಕೊಡಬೇಕು, ಸಕಾಲದ ಗಡಿಯಾರ ಅಲ್ಲಿಂದಲೇ ಓಡಬೇಕು.

ಅಲ್ಲಿಯವರೆಗೆ ಲಾಗ್ ನಾವೇ ಬರೆಯೋಣ. ಮುಂದಿನ ಸಲ ಆ ಎರಡು ಪದ ಕೇಳಿದ ಕೂಡಲೇ ದಿನಾಂಕ, ಗಂಟೆ, ಕೇಳಿದ ಸೇವೆ ಯಾವುದು ಅಂತ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಊರಿನ ಹತ್ತು ಜನರ ಗುರುತು ಸೇರಿಸಿ, 10 ರೂಪಾಯಿ ಶುಲ್ಕ ಕಟ್ಟಿ, ಅದೇ ದಿನಗಳ ಸರ್ವರ್ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.