ಒಂದು ಗಾಡಿಗೆ ಕಣ್ಣಿಲ್ಲ, ಇನ್ನೊಂದಕ್ಕೆ ಕಣ್ಣೇ ಎಲ್ಲ

ರಾತ್ರಿ ಎಂಟರ ಮೇಲೆ ಶಿರಾಳಕೊಪ್ಪ ಬಿಟ್ಟು ಸೊರಬದ ಕಡೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕವರಿಗೆ ಈ ನಾಟಕ ಗೊತ್ತು. ಎದುರಿಗೆ ಬೆಳಕು ಕಂಡೊಡನೆ ಡ್ರೈವರ್ ಒಂದು ಕೈ ಹಣೆಗೆ ಅಡ್ಡ ಹಿಡಿಯುತ್ತಾನೆ. ಎರಡು ಕ್ಷಣ ರಸ್ತೆಯೇ ಇಲ್ಲ. ಲಾರಿಯೋ ಏನೋ ಅಂದುಕೊಂಡರೆ ದಾಟಿ ಹೋದದ್ದು ಒಂದು ಬೈಕು! ಅದರ ಬೆನ್ನಿಗೇ ಬಂದ ಮೆಕ್ಕೆಜೋಳದ ಟ್ರ್ಯಾಕ್ಟರಿಗೆ ಮಾತ್ರ ಒಂದೇ ಕಣ್ಣು. ಅದೂ ಚಿಮಣಿ ಬುಡ್ಡಿ ಲೆಕ್ಕ. ಅದರ ಟ್ರೇಲರ್ ಹಿಂದೆ ಕೆಂಪು ದೀಪ ಹಾಗಿರಲಿ, ಹೊಳೆಯುವ ಒಂದು ಪಟ್ಟಿಯೂ ಇಲ್ಲ.

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಸುತ್ತ ರಾತ್ರಿ ಓಡುವ ಗಾಡಿಗಳಲ್ಲಿ ಈಗ ಇವೆರಡೇ ಜಾತಿ ಹೆಚ್ಚು: ಮುಂದಿರುವುದು ಕಾಣದವು, ಎದುರಿನವರಿಗೆ ಕಾಣಗೊಡದವು. ತಮಾಷೆಯೆಂದರೆ, ಮೊದಲನೇ ಜಾತಿಯೇ ರಿಪೇರಿಗೆ ಹೋಗಿ ಎರಡನೇ ಜಾತಿಯಾಗಿ ವಾಪಸು ಬರುತ್ತಿದೆ.

ವಿದೇಶದಲ್ಲಿ ಒಂದು ಬಗೆಯ ಹಳೇ ಸ್ಪೋರ್ಟ್ಸ್ ಕಾರುಗಳಿವೆ. ಹಗಲು ಹೆಡ್‌ಲೈಟು ಬಾನೆಟ್ಟಿನೊಳಗೆ ಮಲಗಿರುತ್ತೆ, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುತ್ತೆ. ಈ ಶೋಕಿ ಶುರುವಾದದ್ದು ಅಮೆರಿಕದ 1936ರ ಕಾರ್ಡ್ 810 ಕಾರಿನಲ್ಲಿ. ಅದರಲ್ಲಿ ಮೋಟಾರಿರಲಿಲ್ಲ, ಒಳಗೆ ಕೂತು ಹಿಡಿಕೆ ತಿರುವಿ ದೀಪ ಎತ್ತಬೇಕಿತ್ತು. ಆಮೇಲೆ ಮಾಜ್ದಾ, ಟೊಯೋಟ ಮೊದಲಾದವರು ಮೋಟಾರು ಹಾಕಿದರು. 2004ಕ್ಕೆ ಶೆವರ್ಲೆ ಕಾರ್ವೆಟ್, ಲೋಟಸ್ ಎಸ್ಪ್ರಿಗಳ ಜೊತೆ ಈ ಆಟ ಮುಗಿಯಿತು. ಉಳಿದ ಹಳೇ ಕಾರುಗಳಿಗೆ ಈಗ ಒಂದು ಸಾಮಾನ್ಯ ಕಾಯಿಲೆ: ದೀಪ ಏಳುವಾಗ ಮುದುಕರು ಚಾಪೆಯಿಂದ ಎದ್ದ ಹಾಗೆ ನಿಧಾನ, ಒಂದು ಎದ್ದರೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತೆ. ಯಜಮಾನ ಮೋಟಾರೇ ಸತ್ತಿದೆ ಎಂದು ಹೊಸದಕ್ಕೆ ದುಡ್ಡು ಸುರಿಯುತ್ತಾನೆ. ಬಲ್ಲ ಮೆಕ್ಯಾನಿಕ್ ಮಾತ್ರ ಮೊದಲು ಅರ್ತ್ ವೈರು ನೋಡುತ್ತಾನೆ. ತುಕ್ಕು ಹಿಡಿದ ಜಾಗ ಉಜ್ಜಿ, ಒಣಗಿ ಅಂಟಾದ ಗ್ರೀಸು ತೆಗೆದು ಹೊಸ ಗ್ರೀಸು ಹಚ್ಚುತ್ತಾನೆ. ಎಷ್ಟೋ ಸಲ ಅಷ್ಟರಲ್ಲೇ ದೀಪ ಟಪ್ಪೆಂದು ಏಳುತ್ತೆ.

ಶಿಕಾರಿಪುರದ ಸಂತೆಗೆ ಅಂಥ ಕಾರು ಯಾರೂ ತರುವುದಿಲ್ಲ, ನಿಜ. ಆದರೆ ಆ ಕಾಯಿಲೆ ಇಲ್ಲೂ ಇದೆ. ಮಲೆನಾಡಿನ ಅಂಚಿನ ಊರುಗಳಿವು. ಜೂನ್‌ನಿಂದ ನಾಲ್ಕು ತಿಂಗಳು ನೀರು, ಕೆಸರು. ಮಿಕ್ಕ ದಿನ ಕೆಂಧೂಳು. ಅರ್ತ್ ಬೋಲ್ಟು, ಬಲ್ಬಿನ ಹೋಲ್ಡರು, ವೈರಿನ ಜಾಯಿಂಟು ಎಲ್ಲಕ್ಕೂ ಹಸಿರು ಕಿಲುಬು, ಕೆಂಪು ತುಕ್ಕು. ಬ್ಯಾಟರಿಯಲ್ಲಿ ಕರೆಂಟಿದ್ದರೂ ಬಲ್ಬಿಗೆ ಪೂರ್ತಿ ತಲುಪುವುದಿಲ್ಲ. ಫಿಲಮೆಂಟಿನ ಬಲ್ಬಿನ ಗುಣ ಹೇಗೆಂದರೆ, ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ಇಳಿಯುವುದು ಹತ್ತಲ್ಲ, ಸುಮಾರು 30! ಅದರ ಜೊತೆ ಗಾಜಿನೊಳಗೆ ಮಸಿ ಹಿಡಿದ ರಿಫ್ಲೆಕ್ಟರು ಬೇರೆ.

ಗಾಡಿಯವನು ಆಗ ಮಾಡುವುದೇನು? 60/55 ವ್ಯಾಟಿನ ಬಲ್ಬು ಕಿತ್ತು 100/90ರದು ಹಾಕಿಸುತ್ತಾನೆ. ಇರುವ ವೈರಿಗೇ ಹೆಚ್ಚು ಭಾರ. ನಾಲ್ಕು ದಿನ ಭರ್ಜರಿ ಬೆಳಕು, ಐದನೇ ದಿನ ಹೋಲ್ಡರು ಕರಗಿ ವಾಸನೆ. ಇಲ್ಲವೇ ಅಂಗಡಿಯಲ್ಲಿ ತೂಗುಹಾಕಿದ ಬಿಳೀ ಎಲ್‌ಇಡಿ ಪಟ್ಟಿ ತಂದು ಬಂಪರಿಗೆ ಬಿಗಿಸುತ್ತಾನೆ. ಅದಕ್ಕೆ ಡಿಮ್ ಎಂಬುದೇ ಇಲ್ಲ, ಸೀದಾ ಎದುರಿನವನ ಮುಖಕ್ಕೆ.

ಅವನನ್ನು ಕೇಳಿದರೆ, "ಕಂಪನಿ ಲೈಟು ಈ ರೋಡಿಗೆ ಎಲ್ಲಿ ಸಾಕಾಗ್ತದೆ ಸ್ವಾಮಿ, ಗುಂಡಿ ಕಾಣ್ಬೇಡ್ವಾ?" ಎನ್ನುತ್ತಾನೆ. ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಮಳೆಗಾಲ ಮುಗಿದ ಮೇಲಿನ ರಸ್ತೆ ನೋಡಿದವರು ಹಾಗೆ ಅನ್ನಲೂಬಾರದು. ಆದರೆ ಅವನಿಗೆ ಗುಂಡಿ ಕಂಡ ಆ ಹೊತ್ತಿನಲ್ಲೇ ಎದುರಿನವನಿಗೆ ರಸ್ತೆ ಅಂಚಿನ ಮನುಷ್ಯ ಕಾಣದೆ ಹೋಗುತ್ತಾನೆ. ಕೊನೇ ಬಸ್ಸಿಳಿದು ಹಳ್ಳಿ ತಿರುವಿನವರೆಗೆ ನಡೆಯುವವರು, ಬೆಳಗಿನ ಜಾವ ಡೇರಿಗೆ ಕ್ಯಾನು ಹಿಡಿದು ಹೊರಟ ಹೆಂಗಸರು, ಬಾಗಿಲು ಹಾಕಿ ಮೊಪೆಡ್ಡಿನಲ್ಲಿ ಮನೆಗೆ ಹೊರಟ ಅಂಗಡಿಯವರು, ಇವರಿಗೆ ಯಾವ ಎಲ್‌ಇಡಿ ಪಟ್ಟಿಯಿದೆ? ಕಣ್ಣಿಗೆ ಪೊರೆ ಬಂದವರ ಪಾಡಂತೂ ಹೇಳುವುದೇ ಬೇಡ.

ಕಾನೂನಿಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎರಡೂ ಇವೆ. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಓಡುವ ಗಾಡಿಯ ದೀಪಕ್ಕೆ 155 ಮೀಟರ್ ದೂರದ ಜನ, ವಾಹನ ಸ್ಪಷ್ಟವಾಗಿ ಕಾಣಬೇಕು. ಅದೇ ದೀಪ ಎದುರಿನವರ ಕಣ್ಣು ಕುಕ್ಕಬಾರದು, ಬೆಳಕು ಕೆಳಮುಖವಾಗಿರಬೇಕು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗಳು ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಹೋಗಲೇಬೇಕು. ಆದರೆ ನಡು ಮಧ್ಯಾಹ್ನದ ಬಿಸಿಲಲ್ಲಿ ಸ್ವಿಚ್ ಹಾಕಿ ದೀಪ ಹತ್ತಿತೇ ಎಂದು ನೋಡಿದರೆ ಏನು ಗೊತ್ತಾಗುತ್ತೆ? ಹತ್ತುತ್ತೆ. ಎಷ್ಟು ಹತ್ತುತ್ತೆ, ಎಲ್ಲಿಗೆ ಬೀಳುತ್ತೆ ಅನ್ನುವುದು ಕತ್ತಲಲ್ಲಿ ನೋಡುವ ವಿಷಯ.

ಅದನ್ನು ನೋಡಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಗಾಡಿಯ ಮೂತಿಯನ್ನು ಗೋಡೆಗೆ ತಾಗಿಸಿ ಬಲ್ಬಿನ ನಡುಮಧ್ಯದ ಎತ್ತರಕ್ಕೆ ಒಂದು ಗುರುತು ಹಾಕಬೇಕು. ಸೀದಾ 25 ಅಡಿ ಹಿಂದಕ್ಕೆ ಬಂದು ಡಿಮ್ ಹಾಕಬೇಕು. ಬೆಳಕಿನ ಮೇಲಂಚು ಗುರುತಿಗಿಂತ ಎರಡು ಮೂರು ಅಂಗುಲ ಕೆಳಗೆ ಬಿದ್ದರೆ ಸರಿ. ಮೇಲೆ ಬಿದ್ದರೆ ಹೆಡ್‌ಲೈಟಿನ ಸ್ಕ್ರೂ ತಿರುಗಿಸಬೇಕು. ಹಿಂದೆ ಮೂಟೆಯೋ ಇಬ್ಬರೋ ಕೂತರೆ ಬೈಕಿನ ಮೂತಿ ಮೇಲೇಳುತ್ತೆ, ಅದನ್ನೂ ಲೆಕ್ಕ ಹಿಡಿಯಬೇಕು. ಬೆಳಕು ಮಂಕಾಗಿದ್ದರೆ ಒಂದು ತುಂಡು ಸ್ಯಾಂಡ್‌ಪೇಪರು, ಚೂರು ವ್ಯಾಸಲೀನು, ಎಲೆಕ್ಟ್ರಿಷಿಯನ್ನಿನ ಅರ್ಧ ಗಂಟೆ. ಹೆಚ್ಚೆಂದರೆ ಒಂದು ರಿಲೇ ಹಾಕಿಸಿ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿದರಾಯಿತು.

ಶಿಕಾರಿಪುರ, ಸೊರಬ ಎರಡೂ ಬಸ್ ನಿಲ್ದಾಣಗಳ ಕಡೆ ಒಂದೊಂದು ಗೋಡೆ ಆರಿಸಿ ಅಡಿ, ಅಂಗುಲದ ಗುರುತು ಬರೆಸಿ, 25 ಅಡಿ ದೂರಕ್ಕೆ ನೆಲದಲ್ಲೊಂದು ಗೆರೆ ಎಳೆಸಿದರೆ ಸಾಕು. ಪೊಲೀಸರೂ ಸಾರಿಗೆ ಇಲಾಖೆಯವರೂ ವಾರಕ್ಕೊಂದು ಸಂಜೆ ಏಳಕ್ಕೆ ಅಲ್ಲಿ ನಿಂತು, ಮೊದಲ ಸಲ ದಂಡ ಹಾಕದೆ ಸ್ಕ್ರೂ ತಿರುಗಿಸಿ ಕಳಿಸಲಿ. ಬಂಪರಿನ ಪಟ್ಟಿ ಮಾತ್ರ ಅಲ್ಲೇ ಬಿಚ್ಚಿಸಲಿ. ಸುಣ್ಣದ ಖರ್ಚು ಯಾವ ಲೆಕ್ಕಕ್ಕೆ ಎಂದು ಫೈಲು ತಿರುಗುವ ಹಾಗಿದ್ದರೆ, ಎದುರಿನ ಅಂಗಡಿಯವರೇ ಒಂದು ಭಾನುವಾರ ಬ್ರಷ್ಷು ಹಿಡಿದರೂ ಆದೀತು. ಗೋಡೆಗೆ ಮೆತ್ತಿರುವ ಪೋಸ್ಟರುಗಳನ್ನು ಮೊದಲು ಕೀಳಬೇಕು, ಅಷ್ಟೆ.