ಹಳದಿಗಟ್ಟಿದ ಆಟಿಕೆಯೂ ಬಚ್ಚಲೊಲೆಯ ಬೂದಿಯೂ

ದೀಪಾವಳಿಗೆ ಮುನ್ನ ಮಲೆನಾಡಿನ ಮನೆಗಳಲ್ಲಿ ಅಟ್ಟ ಗುಡಿಸುವ ಕೆಲಸ ಆರಂಭವಾಗುತ್ತದೆ. ಮುರಿದ ಕೊಡೆ, ತೂತುಬಿದ್ದ ಹಂಡೆ, ಹಳೆಯ ಪಠ್ಯಪುಸ್ತಕಗಳ ಜೊತೆಗೆ ಎರಡು ಮೂರು ದಶಕಗಳ ಹಿಂದಿನ ಪ್ಲಾಸ್ಟಿಕ್ ಆಟಿಕೆಗಳೂ ಕೆಳಗಿಳಿಯುತ್ತವೆ. ಒಂದು ಕಾಲದಲ್ಲಿ ಬೆಳ್ಳಗಿದ್ದ ಜೋಡಣೆಯ ಇಟ್ಟಿಗೆಗಳು, ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಕ್ಯಾಸೆಟ್ ಆಟದ ಪೆಟ್ಟಿಗೆ, ಕೀಲಿ ಕೊಟ್ಟರೆ ಓಡುತ್ತಿದ್ದ ಕಾರು, ಎಲ್ಲವೂ ಹಳದಿಗಟ್ಟಿರುತ್ತವೆ. ಅವುಗಳ ಮುಂದಿನ ಗತಿ ಏನೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳುವ ಮುನ್ನವೇ ಅವು ಬಚ್ಚಲೊಲೆಯ ಬಾಯಿಗೆ ಬಿದ್ದಿರುತ್ತವೆ. ಅಡಕೆ ಸಿಪ್ಪೆ ಒದ್ದೆಯಾಗಿದ್ದ ದಿನ ಪ್ಲಾಸ್ಟಿಕ್ ಚೂರು ಬೆಂಕಿ ಹಿಡಿಸಲು ಅನುಕೂಲವೆಂದು ಹೇಳುವವರೂ ಇದ್ದಾರೆ.

ಈ ರೂಢಿಯನ್ನು ಖಂಡಿಸಲೇಬೇಕು. ಹಳದಿಗಟ್ಟಿದ ಮಾತ್ರಕ್ಕೆ ಆ ವಸ್ತು ಸತ್ತಿತೆಂದು ತೀರ್ಮಾನಿಸುವುದು ತಪ್ಪು. ಸತ್ತಿತೆಂದು ಬಗೆದು ಸುಡುವುದು ಅದಕ್ಕಿಂತ ದೊಡ್ಡ ತಪ್ಪು.

ಗಟ್ಟಿಯಾದ ಆಟಿಕೆಗಳಲ್ಲಿ ಹೆಚ್ಚಿನವು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್‌ನಿಂದ ಆದವು. ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರರ ಕೂಡಿಕೆ ಅದು. ಡೆನ್ಮಾರ್ಕಿನ ಲೆಗೊ ಕಂಪನಿ ತನ್ನ ಇಟ್ಟಿಗೆಗಳಿಗೆ 1963ರಿಂದ ಇದನ್ನೇ ಬಳಸುತ್ತ ಬಂದಿದೆ. ಈ ಮೂರರಲ್ಲಿ ಬ್ಯುಟಡೈಯೀನ್ ರಬ್ಬರಿನ ಭಾಗ. ಆಟಿಕೆ ಕೆಳಗೆ ಬಿದ್ದರೂ ಒಡೆಯದಂತೆ ಕಾಯುವುದು ಅದೇ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಮೊದಲು ದಾಳಿಯಿಡುವುದೂ ಆ ಭಾಗದ ಮೇಲೆಯೇ. ಅಲ್ಲಿನ ಬಂಧಗಳು ಮುರಿದು ಬಣ್ಣ ತೋರುವ ಹೊಸ ರಾಸಾಯನಿಕ ಗುಂಪುಗಳು ಹುಟ್ಟುತ್ತವೆ. ಬಿಳಿಯದು ಹಳದಿಯಾಗುವುದು ಹೀಗೆ. ಕಂಪ್ಯೂಟರ್ ಮತ್ತು ವಿಡಿಯೋ ಆಟದ ಪೆಟ್ಟಿಗೆಗಳಿಗೆ ಬೆಂಕಿ ತಗುಲದಿರಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳೂ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. 1990ರ ದಶಕದ ಸೂಪರ್ ನಿಂಟೆಂಡೊ ಪೆಟ್ಟಿಗೆಗಳಲ್ಲಿ ಮೇಲಿನ ಅರ್ಧ ಹಳದಿಯಾಗಿ ಕೆಳಗಿನ ಅರ್ಧ ಹಾಗೆಯೇ ಉಳಿದದ್ದನ್ನು ಸಂಗ್ರಾಹಕರು ಬಲ್ಲರು. ಒಂದೇ ಮನೆಯಲ್ಲಿ, ಒಂದೇ ಬಿಸಿಲಿನಲ್ಲಿ ಇದ್ದ ಎರಡು ಭಾಗಗಳು ಬೇರೆ ಬೇರೆಯಾಗಿ ಮುದಿಯಾದವೆಂದರೆ, ಕಾರ್ಖಾನೆಯಲ್ಲಿ ಬೆರೆಸಿದ ಮಿಶ್ರಣದಲ್ಲೇ ವ್ಯತ್ಯಾಸವಿತ್ತೆಂದು ಅರ್ಥ.

ಹಳದಿಯನ್ನು ಮನೆಯಲ್ಲೇ ತೆಗೆಯುವ ವಿಧಾನವೊಂದು 2008ರ ಸುಮಾರಿಗೆ ಹಳೆಯ ಕಂಪ್ಯೂಟರುಗಳ ಹವ್ಯಾಸಿಗಳಿಂದ ಪ್ರಚಾರಕ್ಕೆ ಬಂತು. ‘ರೆಟ್ರೊಬ್ರೈಟ್’ ಎಂಬುದು ಅದರ ಹೆಸರು. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ ಬಿಸಿಲಿಗಿಟ್ಟರೆ, ಬಣ್ಣ ತೋರುವ ಆ ಗುಂಪುಗಳು ಒಡೆದು ಬಿಳುಪು ಮರಳುತ್ತದೆ. ಇದನ್ನು ಮಾಡಬಯಸುವ ವಿದ್ಯಾರ್ಥಿಗಳು ಮೊದಲು ಮೊಳೆ, ಬ್ಯಾಟರಿ, ವಿದ್ಯುತ್ ಭಾಗಗಳನ್ನೆಲ್ಲ ಬಿಚ್ಚಿ, ಆಟಿಕೆಯನ್ನು ಅಂಟುವಾಳದ ನೊರೆಯಲ್ಲಿ ತೊಳೆಯಲಿ. ಎಷ್ಟೋ ಸಲ ಹಳದಿಯೆಂದು ಕಂಡದ್ದು ಅಡಿಗೆಮನೆಯ ಹೊಗೆಯ ಜಿಡ್ಡು ಮಾತ್ರ. ಅದು ಅಷ್ಟಕ್ಕೇ ಹೋಗುತ್ತದೆ. ಉಳಿದದ್ದಕ್ಕೆ ಔಷಧದಂಗಡಿಯ ಶೇ. 3 ಅಥವಾ ಶೇ. 6ರ ದ್ರಾವಣವೇ ಸಾಕು. ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದಿದ್ದರೆ ಅದು ಸುಮಾರು ಶೇ. 6ರದ್ದು. ಕೈಗವಸು, ಕನ್ನಡಕ ಬೇಕೇಬೇಕು. ಪಾತ್ರೆ ಲೋಹದ್ದಾಗಿರಬಾರದು. ಅದರ ಬಾಯನ್ನು ಬಿಗಿಯಾಗಿ ಮುಚ್ಚಲೂಬಾರದು; ಒಳಗೆ ಹುಟ್ಟುವ ಆಮ್ಲಜನಕ ಒತ್ತಡ ಹೆಚ್ಚಿಸಿ ಮುಚ್ಚಳವನ್ನು ಸಿಡಿಸೀತು. ದ್ರಾವಣ ಒಂದೆಡೆ ಒಣಗಿ ಇನ್ನೊಂದೆಡೆ ಹಸಿಯಾಗಿದ್ದರೆ ಪಟ್ಟೆಪಟ್ಟೆಯಾಗಿ ಬಿಳುಚುತ್ತದೆ; ಆದುದರಿಂದ ಪೂರ್ತಿ ಮುಳುಗಿಸಿ, ಆಗಾಗ ತಿರುಗಿಸುತ್ತಿರಬೇಕು. ಮೆತ್ತನೆಯ ಪಿ.ವಿ.ಸಿ. ಬೊಂಬೆಗಳಿಗೂ ಬಣ್ಣ ಬಳಿದ ಆಟಿಕೆಗಳಿಗೂ ಈ ಉಪಚಾರ ಹೊಂದುವುದಿಲ್ಲ. ಬಳಸಿದ ದ್ರಾವಣವನ್ನು ಹಳ್ಳಕ್ಕಾಗಲೀ ಕೆರೆಗಾಗಲೀ ಚೆಲ್ಲಬಾರದು. ಅದು ಕೊನೆಗೆ ನೀರೂ ಆಮ್ಲಜನಕವೂ ಆಗಿ ಒಡೆಯುವುದು ನಿಜವಾದರೂ, ಅದಕ್ಕೆ ಮುನ್ನ ಮೀನಿನ ಕಿವಿರನ್ನು ಸುಡಬಲ್ಲದು.

ಆದರೆ ಬಿಳುಪಿನ ಹುಚ್ಚು ಹಿಡಿದವರು ಇಲ್ಲಿಗೆ ನಿಲ್ಲುವುದಿಲ್ಲ. ಬೇಗ ಆಗಲೆಂದು ಪ್ರಯೋಗಾಲಯದ ಶೇ. 30ರ ಪೆರಾಕ್ಸೈಡಿಗೆ ಕೈಹಾಕುತ್ತಾರೆ. ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. ಇನ್ನು ಕೆಲವರು ಮರಳು ಕಾಗದದಿಂದ ಉಜ್ಜಿ ಮೇಲ್ಪದರ ತೆಗೆಯುತ್ತಾರೆ. ಆ ಧೂಳು ಉಸಿರಿನೊಡನೆ ಒಳಹೋಗುತ್ತದೆ, ಉಳಿದದ್ದು ಮಣ್ಣು ಸೇರುತ್ತದೆ. ಇಷ್ಟೆಲ್ಲ ಮಾಡಿ ಪಡೆದ ಬಿಳುಪಾದರೂ ಶಾಶ್ವತವೇ? ಅಲ್ಲ. ಪೆರಾಕ್ಸೈಡು ಬಣ್ಣವನ್ನು ಅಳಿಸುತ್ತದೆಯೇ ಹೊರತು ಮುರಿದ ಬಂಧವನ್ನು ಕೂಡಿಸುವುದಿಲ್ಲ. ಕೆಲವು ವರ್ಷಗಳಲ್ಲಿ, ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ, ಹಳದಿ ಮರಳಿ ಬರುವುದನ್ನು ಹವ್ಯಾಸಿಗಳೇ ಒಪ್ಪಿದ್ದಾರೆ. ಮರದ ಬೊಂಬೆ ಕಂದಾದರೆ ಅದನ್ನು ಹಳಮೆಯ ಕಳೆ ಎನ್ನುವ ಸಮಾಜ, ಪ್ಲಾಸ್ಟಿಕ್ ಹಳದಿಯಾದರೆ ಏಕೆ ನಾಚಬೇಕು? ಆಡಲು ಬರುವ ಆಟಿಕೆಯನ್ನು ಆಡಲು ಬಿಡುವುದು, ಸಂಗ್ರಹಕ್ಕೆ ತಕ್ಕದ್ದನ್ನು ಒಮ್ಮೆ ಎಚ್ಚರದಿಂದ ಬಿಳುಪುಗೊಳಿಸುವುದು, ಇಷ್ಟು ವಿವೇಕ ಸಾಕು.

ವಿವೇಕದ ಮಾತಿಗೆ ಒಂದು ಮಿತಿಯನ್ನೂ ಸೇರಿಸಬೇಕು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 200 ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದರು. ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲಿ ಕ್ಯಾಡ್ಮಿಯಂ, ಸೀಸ, ಬ್ರೋಮಿನ್ ಮುಂತಾದವು ಕಂಡುಬಂದವು. ಭಾರತದಲ್ಲಿ ಆಟಿಕೆಗಳಿಗೆ ಬಿ.ಐ.ಎಸ್. ಮುದ್ರೆ ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಅಟ್ಟದ ಮೇಲಿರುವುದೆಲ್ಲ ಅದಕ್ಕೂ ಹಿಂದಿನದು. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಎಳೆಯ ಮಕ್ಕಳಿಗೆ ಅವನ್ನು ಕೊಡುವುದು ಸಲ್ಲದು, ಅವು ಎಷ್ಟೇ ಬೆಳ್ಳಗಾಗಿದ್ದರೂ.

ಇಲ್ಲಿಂದ ಮತ್ತೆ ಬಚ್ಚಲೊಲೆಗೆ ಮರಳಬೇಕು. ಬಾಯಿಗಿಡಬಾರದ ವಸ್ತುವನ್ನು ಸುಟ್ಟರೆ ಅದು ಎಲ್ಲಿಗೆ ಹೋಗುತ್ತದೆ? ಎ.ಬಿ.ಎಸ್. ಉರಿದಾಗ ಸ್ಟೈರೀನ್ ಮತ್ತು ಹೈಡ್ರೋಜನ್ ಸಯನೈಡ್ ಹೊಮ್ಮುತ್ತವೆ. ಪಿ.ವಿ.ಸಿ. ಬೊಂಬೆಯಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಒದ್ದೆ ಸೌದೆಯ, ಅರೆಬರೆ ಉರಿಯುವ ಒಲೆ ಇಂಥ ವಿಷಗಳಿಗೆ ಹೇಳಿ ಮಾಡಿಸಿದ ಕುಲುಮೆ. ಅದರ ಮುಂದೆ ಕುಳಿತು ಊದುವವರು ಮನೆಯ ಹೆಂಗಸರು. ಪಕ್ಕದಲ್ಲಿ ಮೈಕಾಯಿಸಿಕೊಳ್ಳುವವು ಮಕ್ಕಳು. ಕ್ಯಾಡ್ಮಿಯಂ, ಸೀಸಗಳು ಲೋಹಗಳು. ಅವು ಉರಿದು ಇಲ್ಲವಾಗುವುದಿಲ್ಲ. ಸ್ವಲ್ಪ ಹೊಗೆಯೊಡನೆ ಏರುತ್ತವೆ, ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಆ ಬೂದಿ ಹೋಗುವುದು ಹರಿವೆ ಸೊಪ್ಪಿನ ಮಡಿಗೆ, ಬಾಳೆಯ ಬುಡಕ್ಕೆ, ಗೊಬ್ಬರದ ಗುಂಡಿಗೆ. ಭಾರಿ ಮಳೆಗೆ ಸುಣ್ಣದ ಅಂಶ ಕೊಚ್ಚಿಹೋಗಿ ಮಲೆನಾಡಿನ ಮಣ್ಣು ಹುಳಿಯಾಗಿದೆ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬೇರಿಗೆ ದಕ್ಕುತ್ತದೆ. ಸೊಪ್ಪು ತರಕಾರಿಗಳು ಅದನ್ನು ಎಲೆಯಲ್ಲಿ ತುಂಬಿಕೊಳ್ಳುತ್ತವೆ. ಸಾವಯವವೆಂದು ಹೆಮ್ಮೆಯಿಂದ ಉಣ್ಣುವ ಊಟಕ್ಕೆ ಹೀಗೆ ಹಳೆಯ ಆಟಿಕೆಯ ಲೋಹ ಬಂದು ಸೇರುತ್ತದೆ.

ಹಾಗಾದರೆ ಹಳ್ಳಿಗನೊಬ್ಬನೇ ಅಪರಾಧಿಯೇ? ಖಂಡಿತ ಅಲ್ಲ. ಪ್ಲಾಸ್ಟಿಕ್ ಪ್ಯಾಕೇಜಿಂಗಿನ ಹೊಣೆಯನ್ನು ಉತ್ಪಾದಕರೇ ಹೊರಬೇಕೆಂಬ ವಿವರವಾದ ಮಾರ್ಗಸೂಚಿ 2022ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷ ರೂಪುಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ವಿದ್ಯುತ್ ಆಟಿಕೆಗಳನ್ನೂ ವಿಡಿಯೋ ಆಟದ ಪೆಟ್ಟಿಗೆಗಳನ್ನೂ ಪಟ್ಟಿಗೆ ಸೇರಿಸಿವೆ. ಆದರೆ ಬ್ಯಾಟರಿಯಿಲ್ಲದ ಸಾದಾ ಪ್ಲಾಸ್ಟಿಕ್ ಆಟಿಕೆ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಕಾರನ್ನು ಸುತ್ತಿದ ಹಾಳೆಗೆ ವಾರಸುದಾರನಿದ್ದಾನೆ, ಕಾರಿಗೆ ಇಲ್ಲ! ಇನ್ನು ಪಟ್ಟಿಗೆ ಸೇರಿದವನ್ನಾದರೂ ಗುಡ್ಡದ ಮೇಲಿನ ಒಂಟಿ ಮನೆಯವರು ಯಾರ ಕೈಗೆ ಒಪ್ಪಿಸಬೇಕು? ಪಂಚಾಯಿತಿಯ ಕಸದ ಗಾಡಿ ಡಾಂಬರು ರಸ್ತೆ ಮುಗಿದಲ್ಲಿಗೆ ಹಿಂದಿರುಗುತ್ತದೆ.

ಅಡಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದ ತುಂಬ ಎಳೆದಾಡಿದ ಮಕ್ಕಳ ಆಟಿಕೆ ಮುಂದಿನ ಮಳೆಗಾಲಕ್ಕೆ ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಆಟಿಕೆಗೆ ಆ ಭಾಗ್ಯವಿಲ್ಲ. ಅದನ್ನು ಮನೆಗೆ ತಂದವರು ಅದರ ದೀರ್ಘಾಯುಷ್ಯವನ್ನೂ ಒಪ್ಪಿಕೊಳ್ಳಬೇಕು: ತೊಳೆಯಬೇಕು, ರಿಪೇರಿ ಮಾಡಬೇಕು, ಜೋಪಾನ ಮಾಡಬೇಕು. ಊರಿನ ಶಾಲೆಗಳು ಈ ದೀಪಾವಳಿಗೆ ಅಟ್ಟದ ಆಟಿಕೆಗಳನ್ನು ಕೂಡಿಹಾಕಿ ಬೇರ್ಪಡಿಸಲಿ. ರಿಪೇರಿಗೂ ಒದಗದವನ್ನು ಚೀಲದಲ್ಲಿ ಕಟ್ಟಿ, ಒಣ ಕಸವಾಗಿ ಸಾಗಿಸಿರೆಂದು ಗ್ರಾಮಸಭೆಯಲ್ಲಿ ಪಂಚಾಯಿತಿಯ ಮುಂದಿಡಲಿ. ನಿರ್ಣಯವಾಗುವ ತನಕ ಚೀಲ ಅಲ್ಲೇ ಇರಲಿ. ಉತ್ಪಾದಕರ ಹೊಣೆಯ ಪಟ್ಟಿಗೆ ಸಾದಾ ಆಟಿಕೆಯೂ ಸೇರಬೇಕೆಂಬ ಒತ್ತಾಯ ಆ ಸಭೆಯಿಂದಲೇ ಹೊರಡಲಿ. ಅಲ್ಲಿಯವರೆಗೆ ಹಳದಿ ಆಟಿಕೆ ಅಟ್ಟದ ಮೇಲೆ ಹಳದಿಯಾಗಿಯೇ ಕುಳಿತಿರಲಿ. ಬಚ್ಚಲೊಲೆಗೆ ಸೌದೆ ಸಾಕು.